ಮಗು ಏನಾದರೂ ತಿಂತಾ?

ನಮ್ಮ ಜನ ಎದುರಾದವರನ್ನು ಮಾತಾಡಿಸುವುದೇ ಹೊಟ್ಟೆಯಿಂದ. ಬೆಳಿಗ್ಗೆಯಾದರೆ ‘ತಿಂಡಿ ಆಯ್ತಾ?’, ಮಧ್ಯಾಹ್ನವಾದರೆ ‘ಊಟ ಆಯ್ತಾ?’ ಉತ್ತರ ಏನೇ ಬಂದರೂ ಕೇಳಿದವರು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅದೇ ಪ್ರಶ್ನೆ ಮೂರು ವರ್ಷದ ಮಗುವಿನ ಬಗ್ಗೆ ಬಂತೆನ್ನಿ, ಕುಶಲೋಪರಿ ಹೋಗಿ ವಿಚಾರಣೆ ಶುರುವಾಗುತ್ತದೆ. ‘ಮಗು ಏನಾದರೂ ತಿಂತಾ?’ ಎಂದವರಿಗೆ ಏನು ತಿಂತು, ಎಷ್ಟು ತಿಂತು, ಯಾರು ತಿನ್ನಿಸಿದರು, ತುಪ್ಪ ಹಾಕಿತ್ತೇ ಇಲ್ಲವೇ ಎಂಬ ಪೂರ್ತಿ ವರದಿ ಬೇಕು. ಮಗ ಸೊಸೆ ಇಬ್ಬರೂ ಎಂಟು ಗಂಟೆಗೇ ಕೆಲಸಕ್ಕೆ ಹೊರಡುವವರು. ಹಾಗಾಗಿ, ನಿವೃತ್ತನಾಗಿ ಪೇಪರ್ ಓದಿಕೊಂಡಿದ್ದ ನನಗೆ ಮೊಮ್ಮಗನಿಗೆ ತಿಂಡಿ ತಿನ್ನಿಸಿ ವರದಿ ಒಪ್ಪಿಸುವ ಹುದ್ದೆ ಸಿಕ್ಕಿದೆ. ಸಂಬಳವಿಲ್ಲ, ರಜೆಯಿಲ್ಲ, ಮೇಲಧಿಕಾರಿಗಳಿಗೆ ಮಾತ್ರ ಬರವಿಲ್ಲ.

ಮೊದಲನೇ ಮೇಲಧಿಕಾರಿ ನನ್ನ ಹೆಂಡತಿ. ಮಂಡ್ಯದ ಕಡೆಯವಳು, ಹುಟ್ಟಾ ರಾಗಿ ಪಕ್ಷ. ಮೊಮ್ಮಗನಿಗೆ ಆರು ತಿಂಗಳು ತುಂಬಿತು, ಇನ್ನು ಎದೆಹಾಲಿನ ಜೊತೆಗೆ ಮೆತ್ತಗಿನ ಆಹಾರ ಶುರುಮಾಡಿ ಎಂದು ಡಾಕ್ಟರು ಹೇಳಿದ ಸಂಜೆಯೇ ನಮ್ಮ ಅಡುಗೆಮನೆಯಲ್ಲಿ ರಾಗಿ ನೆನೆಯಿತು. ಮಾರನೇ ದಿನ ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮನೆಯೆಲ್ಲ ಘಮ್ಮೆನ್ನುವ ಹಾಗೆ ಹುರಿದು, ಡಬ್ಬಿಗೆ ತುಂಬಿ ನನ್ನನ್ನು ಮಿಲ್ಲಿಗೆ ಅಟ್ಟಿದಳು. ‘ಮೆಣಸಿನಪುಡಿ ಬೀಸಿದ ಮೇಲೆ ನಮ್ಮದು ಹಾಕ್ಬೇಡಪ್ಪಾ, ಮಗುವಿಗೆ ಅಂತ ಹೇಳ್ರೀ’ ಎಂದು ಗೇಟಿನವರೆಗೂ ಬಂದು ಎಚ್ಚರಿಸಿದಳು. ಮಿಲ್ಲಿನವನು ಆ ಮಾತು ಕೇಳಿ ಕೇಳಿ ಸಾಕಾದವನಂತೆ, ನಾನು ಬಾಯಿ ತೆರೆಯುವ ಮೊದಲೇ ‘ಗೊತ್ತು ಸಾರ್, ಮಗೀಗೆ’ ಎಂದ. ಮನೆಗೆ ತಂದ ಹಿಟ್ಟನ್ನು ಹಾಗೇ ಹಾಕುವಂತಿಲ್ಲ, ವಸ್ತ್ರಗಾಳಿತವಾಗಬೇಕು. ಅದಕ್ಕೆ ವಸ್ತ್ರವಾಗಿ ಬಲಿಯಾದದ್ದು ನನ್ನ ಮಲ್ ಪಂಚೆ.

ಮಗನಿಗೆ ಇದೆಲ್ಲ ಹಳೇ ಕಾಲದ ರಗಳೆ ಅನಿಸಿತು. ಪ್ಯಾಕೆಟ್ ತಂದು ಬಿಸಿನೀರಲ್ಲಿ ಕಲಸಿದರೆ ಮುಗೀತಲ್ಲ ಎಂದ. ಆಗ ನಾನು ಹೆಂಡತಿಯ ಪರ ವಕಾಲತ್ತು ವಹಿಸಿದೆ. ಪಂಚೆ ಹೇಗೂ ಹೋಗಿತ್ತು, ಅದಕ್ಕೊಂದು ನ್ಯಾಯವಾದರೂ ಸಿಗಲಿ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ರಾಗಿ ಸರಿ ಗಂಟುಗಟ್ಟದೆ ತೆಳ್ಳಗೆ ಬೇಯುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಿ ಪುಟ್ಟ ಹೊಟ್ಟೆಗೆ ಹೆಚ್ಚು ಕಸುವು ಕಳಿಸಬಹುದು. ‘ನಮ್ಮ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೂತಿದೆಯಲ್ಲ ಸಿಎಫ್‌ಟಿಆರ್‌ಐ, ಅಲ್ಲಿನ ವಿಜ್ಞಾನಿಗಳೂ ಮಕ್ಕಳ ಆಹಾರಕ್ಕೆ ಅಂತ ಮೊಳಕೆ ಹಿಟ್ಟನ್ನೇ ಹಿಡಿದು ಕೆಲಸ ಮಾಡಿದ್ದಾರೆ ಕಣೋ’ ಎಂದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ, ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು ಎಂದೂ ಸೇರಿಸಿದೆ. ಹೆಂಡತಿ ಸೌಟು ಆಡಿಸುತ್ತಲೇ, ‘ನಮ್ಮಜ್ಜಿಗೆ ಇದ್ಯಾವುದೂ ಗೊತ್ತಿರಲಿಲ್ಲ, ಆದ್ರೂ ಹನ್ನೊಂದು ಮಕ್ಕಳನ್ನ ಸಾಕಿದ್ಳು’ ಎಂದಳು. ವಕೀಲರ ವಾದಕ್ಕಿಂತ ಕಕ್ಷಿದಾರರ ಒಂದು ಮಾತೇ ಹೆಚ್ಚು ತೂಗಿತು.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಬಂದಾಗ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಯನ್ನೇ ರಾಮ ಗೆಲ್ಲಿಸುತ್ತಾನೆ. ಅಲ್ಲಿಗೆ ವ್ಯಾಜ್ಯ ಮುಗಿಯಬೇಕಿತ್ತು. ಆದರೆ ಜೋಳವನ್ನು ಯಾರೂ ಕೇಳಲೇ ಇಲ್ಲವಲ್ಲ ಎಂಬ ತಕರಾರು ಇನ್ನೂ ಇದೆ. ಆ ತಕರಾರಿನ ಒಡತಿ ಎರಡನೇ ಮೇಲಧಿಕಾರಿ, ಧಾರವಾಡದ ನಮ್ಮ ಬೀಗತಿ. ದಿನಾ ಒಂಬತ್ತಕ್ಕೆ ಅವರ ವಿಡಿಯೊ ಕಾಲ್ ಬರುತ್ತದೆ.

‘ಬೀಗರ, ಮುಂಜಾನೆ ಕೂಸಿಗೆ ಏನ್ ಕೊಟ್ರಿ?’

‘ಇಡ್ಲಿ.’

‘ಬರೇ ಇಡ್ಲೀನ? ಅದರಾಗ ಏನೈತ್ರಿ, ಬರೇ ಗಾಳಿ. ಬಿಸಿ ರೊಟ್ಟಿ ಮುರದು ಹಾಲಾಗ ನೆನಸಿ, ಮ್ಯಾಲ ತುಪ್ಪ ಹಾಕಿ ಕೊಡ್ರಿ. ಹೆಂಗ ತಿನ್ನಂಗಿಲ್ಲ ನೋಡೂಣು!’

ಇಡ್ಲಿ ಅಂದರೆ ಸಾಮಾನ್ಯವಲ್ಲ, ಸಾವಿರ ವರ್ಷ ಹಳೆಯ ವಡ್ಡಾರಾಧನೆಯಲ್ಲೇ ‘ಇಡ್ಡಲಿಗೆ’ ಇದೆ, ಉದ್ದು ಅಕ್ಕಿ ಕೂಡಿ ಹುದುಗು ಬಂದು ಹಬೆಯಲ್ಲಿ ಬೆಂದದ್ದು ಮಕ್ಕಳ ಹೊಟ್ಟೆಗೆ ಬಲು ಹಗುರ ಎಂದು ಹೇಳಲು ಗಂಟಲು ಸರಿಮಾಡಿಕೊಂಡೆ. ಬೀಗತಿಯ ಮುಖ ನೋಡಿ ಸಾಹಿತ್ಯ ಚರಿತ್ರೆಯನ್ನು ನುಂಗಿಕೊಂಡೆ.

ಮಹಡಿ ಮೇಲಿನ ಮನೆಯವರು ಉಡುಪಿ ಕಡೆಯವರು. ಅವರ ಪ್ರಕಾರ ರಾಗಿಯನ್ನು ಪುಡಿ ಮಾಡುವುದೇ ಅನ್ಯಾಯ. ನೆನೆಸಿ, ರುಬ್ಬಿ, ಸೋಸಿ ಹಾಲು ತೆಗೆದು, ಬೆಲ್ಲ ಹಾಕಿ ಮಣ್ಣಿ ಕಾಸಬೇಕು. ಇವರೆಲ್ಲರ ಮೇಲೆ ಸೊಸೆಯ ಚಾರ್ಟು. ಸೋಮವಾರ ರಾಗಿ ದೋಸೆ, ಮಂಗಳವಾರ ಅವಲಕ್ಕಿ, ಬುಧವಾರ ಮೊಟ್ಟೆ, ಗುರುವಾರ ಉಪ್ಪಿಟ್ಟು ಎಂದು ಬಣ್ಣಬಣ್ಣದ ಪೆನ್ನಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಕಾಳು, ಬೇಳೆ, ಸೊಪ್ಪು, ಹಣ್ಣು ಯಾವುದೂ ಬಿಟ್ಟುಹೋಗಿಲ್ಲ, ಹೆಸರಿಡುವಂತಿಲ್ಲ. ಆದರೆ ಅದರಲ್ಲಿ ಮೊಮ್ಮಗ ಈವರೆಗೆ ಆಸೆಪಟ್ಟು ಬಾಯಿಗಿಟ್ಟುಕೊಂಡದ್ದು ಚಾರ್ಟನ್ನು ಹಿಡಿದಿಟ್ಟಿರುವ ಮಾವಿನಹಣ್ಣಿನ ಮ್ಯಾಗ್ನೆಟ್ಟನ್ನು ಮಾತ್ರ.

ಉಪ್ಪಿಟ್ಟಿನ ಗುರುವಾರ ಅವನ ಕೆಲಸದ ಕ್ರಮ ನೋಡಬೇಕು. ತಟ್ಟೆ ಮುಂದೆ ಬಂದ ಕೂಡಲೇ ಕರಿಬೇವಿನ ಎಲೆಗಳನ್ನು ಹೆಕ್ಕಿ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಾನೆ. ಅದಾದ ಮೇಲೆ ಕಡಲೆಬೇಳೆ. ಆಮೇಲೆ ಸಾಸಿವೆ. ಒಂದೊಂದೇ ಕಾಳನ್ನು ಉಗುರಿನ ತುದಿಯಲ್ಲಿ ಎತ್ತಿ, ‘ತಾತಾ, ಇರುವೆ’ ಎಂದು ನನ್ನ ಅಂಗೈಗೆ ಹಾಕುತ್ತಾನೆ. ಇರುವೆಗಳೆಲ್ಲ ಖಾಲಿಯಾಗುವಷ್ಟರಲ್ಲಿ ಉಪ್ಪಿಟ್ಟು ಆರಿ ಗಟ್ಟಿಯಾಗಿರುತ್ತದೆ. ಅದನ್ನು ಬೆರಳಿನಿಂದ ಒತ್ತಿ ನೋಡಿ, ‘ಸಾಕು’ ಎಂದು ಏಳುತ್ತಾನೆ. ಅರ್ಧ ಗಂಟೆ ಬಿಟ್ಟು ಮಹಡಿ ಮೇಲಿಂದ ಉಡುಪಿಯವರ ದನಿ ಬರುತ್ತದೆ: ‘ನಿಮ್ಮ ಪುಳ್ಳಿ ಇಲ್ಲಿ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ ಮಾರಾಯ್ರೆ!’

ನನ್ನ ಕಾಲದ ಅಸ್ತ್ರಗಳೆಲ್ಲ ತುಕ್ಕು ಹಿಡಿದಿವೆ. ಚಂದಮಾಮನನ್ನು ತೋರಿಸಿದರೆ ಹಗಲಲ್ಲಿ ಕಾಣುವುದಿಲ್ಲ ಎನ್ನುತ್ತಾನೆ. ಗುಮ್ಮ ಬರುತ್ತಾನೆ ಎಂದರೆ ‘ಬರ್ಲಿ, ಅವನಿಗೆ ಕೊಡು’ ಎನ್ನುತ್ತಾನೆ. ಮೊಬೈಲು ತೋರಿಸಿದರೆ ಬಾಯೇನೋ ತೆರೆಯುತ್ತದೆ, ಆದರೆ ಒಳಗೆ ಹೋದದ್ದು ಇಡ್ಲಿಯೋ ಸಾಬೂನೋ ಅವನಿಗೇ ತಿಳಿಯುವುದಿಲ್ಲ.

ಕೊನೆಗೆ ಪ್ರಕರಣ ಮಕ್ಕಳ ಡಾಕ್ಟರ ಮುಂದೆ ಹೋಯಿತು. ‘ಏನೂ ತಿನ್ನಲ್ಲ ಡಾಕ್ಟ್ರೇ, ಬರೀ ಗಾಳಿ ಕುಡಿದು ಬದುಕಿದಾನೆ’ ಎಂದು ನನ್ನ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. ಗಾಳಿ ಕುಡಿದು ಬದುಕಿದ್ದವನು ಅಷ್ಟರಲ್ಲಿ ತೂಕದ ಯಂತ್ರದಿಂದ ಹಾರಿ, ಕುರ್ಚಿ ದಬ್ಬಿಕೊಂಡು ಬಾಗಿಲವರೆಗೆ ಹೋಗಿದ್ದ. ಡಾಕ್ಟರು ತೂಕದ ಪಟ್ಟಿ ನೋಡಿ ನಕ್ಕರು.

‘ಹುಟ್ಟಿದಾಗ ಮೂರು ಕೆ.ಜಿ. ಇದ್ದ ಮಗು ವರ್ಷ ತುಂಬೋ ಹೊತ್ತಿಗೆ ಒಂಬತ್ತಾಗುತ್ತೆ, ಮೂರು ಪಟ್ಟು. ಅದೇ ವೇಗದಲ್ಲಿ ಬೆಳೀತಾ ಹೋದ್ರೆ ಎರಡನೇ ವರ್ಷಕ್ಕೆ ಇಪ್ಪತ್ತೇಳು, ಮೂರನೇ ವರ್ಷಕ್ಕೆ ಎಂಬತ್ತೊಂದು ಕೆ.ಜಿ. ಆಗಬೇಕಲ್ಲಮ್ಮಾ? ಎತ್ಕೊಳ್ತೀರಾ?’

ಹೆಂಡತಿ ಮನಸ್ಸಿನಲ್ಲೇ ನನ್ನ ತೂಕದ ಜೊತೆ ಹೋಲಿಸಿಕೊಂಡು ಸುಮ್ಮನಾದಳು. ಎರಡನೇ ವರ್ಷದಲ್ಲಿ ಏರುವುದು ಹೆಚ್ಚೆಂದರೆ ಎರಡು, ಎರಡೂವರೆ ಕೆ.ಜಿ.; ಬೆಳವಣಿಗೆ ನಿಧಾನವಾದ ಹಾಗೆ ಹಸಿವೂ ಇಳಿಯುತ್ತದಂತೆ. ಅದು ರೋಗವಲ್ಲ, ಲೆಕ್ಕ. ‘ಮಕ್ಕಳ ಜಠರಕ್ಕೆ ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಸುತ್ತೆ. ಇವನು ಹದಿಮೂರು ಕೆ.ಜಿ., ಅಂದ್ರೆ 400 ಮಿಲಿಲೀಟರ್ ಕೂಡ ಇಲ್ಲ. ಎದ್ದ ಕೂಡಲೇ ದೊಡ್ಡ ಲೋಟ ಹಾಲು ಸುರಿದುಬಿಟ್ರೆ ಉಪ್ಪಿಟ್ಟಿಗೆ ಜಾಗ ಎಲ್ಲಿ?’ ಹಾಲು ಒಳ್ಳೆಯದೇ, ಆದರೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು. ಮೀರಿದರೆ ಊಟ ಸೇರುವುದಿಲ್ಲ, ಕಬ್ಬಿಣಾಂಶ ಕಮ್ಮಿಯಾಗಿ ರಕ್ತಹೀನತೆ ಬರುತ್ತದೆ. ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು, ಪುಡಿ ಮಾಡಿ ಕೊಡಿ. ಸೊಪ್ಪು ಬೇಳೆಗೆ ನಿಂಬೆರಸ ಹಿಂಡಿ, ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಹೀಗೆ ಒಂದೊಂದಾಗಿ ಹೇಳಿದರು. ಒಂದು ಹೊತ್ತು ಬಿಟ್ಟರೆ ಗಾಬರಿ ಬೇಡ, ವಾರದ ಲೆಕ್ಕ ನೋಡಿ ಎಂದರು.

ಕೊನೆಗೆ ಪಾರಿಖತ್ತು ಓದಿದಂತೆ ಹಕ್ಕುಗಳನ್ನು ಹಂಚಿದರು. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಮಾಡಿಟ್ಟ ಪಾಲಂತೆ ಅದು. ಏನು ಬಡಿಸಬೇಕು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಪಾಲು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ. ಹೊಸ ರುಚಿ ಒಪ್ಪಲು ಮಕ್ಕಳಿಗೆ ಹತ್ತು ಹದಿನೈದು ಸಲವಾದರೂ ಬೇಕು, ಒಂದು ಸಲ ಉಗಿದರೆಂದು ಕೈಬಿಡಬೇಡಿ. ಮಗುವಿಗೆಂದು ಬೇರೆ ಅಡುಗೆ ಬೇಡ. ಮನೆಮಂದಿ ತಿನ್ನುವುದನ್ನೇ ಖಾರ, ಉಪ್ಪು ತಗ್ಗಿಸಿ ಬಡಿಸಿ. ಎಲ್ಲರೂ ಜೊತೆಗೆ ಕೂತು ತಿನ್ನಿ, ನೀವು ತಿನ್ನುವುದನ್ನು ನೋಡಿಯೇ ಅವನು ಕಲಿಯುತ್ತಾನೆ.

ಮೇಲಧಿಕಾರಿಗಳೆಲ್ಲ ಇದನ್ನು ಒಪ್ಪಿದರು. ರಾಗಿ, ಜೋಳ, ಅಕ್ಕಿ ಮೂರಕ್ಕೂ ವಾರದಲ್ಲಿ ಸರದಿ ಬಂದದ್ದರಿಂದ ಮಂಡ್ಯ, ಧಾರವಾಡ, ಉಡುಪಿ ಯಾರ ಮುಖವೂ ಬಾಡಲಿಲ್ಲ. ತಿನ್ನಿಸುವ ಕೆಲಸ ತಪ್ಪಿತು ಎಂದು ನಾನೂ ಹಿಗ್ಗಿದೆ. ಹುಡುಗನೂ ಸುಧಾರಿಸಿದ, ಒಂದು ದಿನ ಅರ್ಧ ದೋಸೆಗೆ ಏಳುತ್ತಾನೆ, ಇನ್ನೊಂದು ದಿನ ಮೂರು ತಿಂದು ನನ್ನ ತಟ್ಟೆಗೂ ಕೈ ಹಾಕುತ್ತಾನೆ. ತೊಂದರೆ ಶುರುವಾದದ್ದೇ ಅಲ್ಲಿಂದ. ಅವನಿಗೀಗ ತನ್ನ ತಟ್ಟೆಗಿಂತ ನನ್ನ ತಟ್ಟೆಯ ಮೇಲೇ ಕಣ್ಣು. ಉಪ್ಪಿನಕಾಯಿ ಜಾಡಿ ನನಗೆ ಎಟುಕದ ಅಟ್ಟಕ್ಕೆ ಏರಿತು. ಸಂಜೆಯ ಬೋಂಡಾ ಹೋಗಿ ಬೇಯಿಸಿದ ಕಡಲೆಕಾಳು ಬಂತು. ಸಾರಿನಲ್ಲಿ ಖಾರ ಹುಡುಕಬೇಕಾಯಿತು. ಇಷ್ಟು ವರ್ಷ ‘ನನಗಾಗಲ್ಲ’ ಎಂಬ ಒಂದೇ ಮಾತಿನಲ್ಲಿ ಹೊಸಿಲಾಚೆಗೇ ನಿಲ್ಲಿಸಿದ್ದ ಪಡವಲಕಾಯಿ ಒಂದು ಮಧ್ಯಾಹ್ನ ನನ್ನ ತಟ್ಟೆಗೆ ಬಂದು ಕೂತಿತು. ನಾನು ಅದನ್ನು ಮೆಲ್ಲಗೆ ಅಂಚಿಗೆ ಸರಿಸಿದೆ. ಎದುರಿಗಿದ್ದವನು ಕೂಡಲೇ ತನ್ನದನ್ನೂ ಅಂಚಿಗೆ ಸರಿಸಿ, ‘ತಾತಂಗೆ ಬೇಡ, ನಂಗೂ ಬೇಡ’ ಎಂದು ಘೋಷಿಸಿದ.

ಎಲ್ಲರೂ ನನ್ನನ್ನೇ ನೋಡಿದರು. ಪಾರಿಖತ್ತಿನ ಪ್ರಕಾರ ಎಷ್ಟು ತಿನ್ನಬೇಕೆಂಬುದು ತಿನ್ನುವವನ ಹಕ್ಕಲ್ಲವೇ ಎಂದು ನೆನಪಿಸಿದೆ. ‘ಅದು ಮಕ್ಕಳಿಗೆ’ ಎಂದಳು ಹೆಂಡತಿ. ಒಂದು ಹೋಳು ಬಾಯಿಗಿಟ್ಟುಕೊಂಡೆ. ಹುಡುಗ ಕಣ್ಣು ಮಿಟುಕಿಸದೆ ನೋಡಿ, ತಾನೂ ಒಂದು ಹೋಳು ಹಾಕಿಕೊಂಡು ಅಗಿಯತೊಡಗಿದ.

‘ಮುಖ ಸಿಂಡರಿಸ್ಬೇಡ್ರೀ, ಅವನು ನೋಡ್ತಿದಾನೆ’ ಎಂದು ಪಿಸುಗುಟ್ಟಿ ಅವಳು ಸೌಟು ಎತ್ತಿದಳು. ‘ಹತ್ತು ಹದಿನೈದು ಸಲ ತಿಂದ್ರೆ ರೂಢಿಯಾಗುತ್ತಂತೆ. ಇದು ಮೊದಲನೇದು.’