ಬಾರ್ಲಿ ಹುಲ್ಲಿನ ಪುಡಿಯವರೊಡನೆ ಒಂದೀಟು ಮಾತು

ಬೈಲಹೊಂಗಲದ ಒಂದು ಔಷಧಿ ಅಂಗಡಿ. ಗ್ಲುಕೋಸಿಗೂ ಇಸಬಗೋಲಿಗೂ ನಡುವೆ, ಕಿತ್ತೂರು ಉತ್ಸವದ ಮುಖ್ಯ ಅತಿಥಿಯ ಗತ್ತಿನಲ್ಲಿ ಕುಳಿತಿದ್ದವರು ಬಾರ್ಲಿ ಹುಲ್ಲಿನ ಪುಡಿ. ಅವರಿಗೆ ಬರುವುದು ಜಾಹೀರಾತಿನ ಕನ್ನಡವೊಂದೇ.

ನಮಸ್ಕಾರ್ರೀ. ಯಾವೂರಿನವ್ರು ತಾವು?

ಪುಡಿ: ನಮ್ಮವರ ಹೊಲಗಳು ಹೆಚ್ಚಾಗಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ. ಹೆಸರು ಬಂದದ್ದು ಜಪಾನಿನ ಯೋಶಿಹಿದೆ ಹಗಿವಾರ ಅವರಿಂದ. ಕಾಂಡ ಗಂಟು ಕಟ್ಟುವ ಮೊದಲೇ ನನ್ನನ್ನು ಕೊಯ್ಯುತ್ತಾರೆ. ತೆನೆ ಕಾಣುವ ಭಾಗ್ಯ ನನಗಿಲ್ಲ.

ಎಳೇದ ಛಲೋ ಅಂದ್ರ, ನಮ್ಮ ಎರಿ ಹೊಲದ ಎಳೆ ಜೋಳ ಏನ್ ಪಾಪ ಮಾಡೈತ್ರಿ?

ಪುಡಿ: ಅದರಲ್ಲಿ ಸಯನೈಡ್ ಹುಟ್ಟುತ್ತದೆ. ದನ ಮೇಯ್ದರೆ ಪ್ರಾಣಕ್ಕೇ ಅಪಾಯ.

ಅದು ನಮ್ಮ ದನ ಕಾಯೋ ಹುಡುಗ್ರಿಗೂ ಗೊತ್ತೈತಿ. ನಿಮಗ ಗೊತ್ತೈತೋ ಇಲ್ಲೋ ಅಂತ ಕೇಳಿದೆ. ನಿಮ್ಮ ಗುಣ ಹೇಳ್ರಿ.

ಪುಡಿ: ನಾನು ಹಸಿರು ರಕ್ತ! ನನ್ನ ಪತ್ರಹರಿತ್ತಿನ ರಚನೆ ನಿಮ್ಮ ರಕ್ತದ್ದನ್ನೇ ಹೋಲುತ್ತದೆ.

ರಕ್ತದಾಗ ಕಬ್ಬಿಣ, ನಿಮ್ಮೊಳಗ ಮೆಗ್ನೀಸಿಯಂ. ಮಾರಿ ಹೋಲ್ತೈತಿ ಅಂತ ಆಸ್ತ್ಯಾಗ ಪಾಲು ಕೇಳಿದಂಗಾತು. ಕುಡದ್ರ ಹಿಮೋಗ್ಲೋಬಿನ್ ಆಗ್ತೈತೇನು?

ಪುಡಿ: ಆಗುವುದಿಲ್ಲ. ಆದರೆ ಎಸ್‌ಒಡಿ ಎಂಬ ಕಿಣ್ವ...

ಹೊಟ್ಟಿಗೆ ಹೋದ ಮ್ಯಾಲೂ ಅದು ಕಿಣ್ವ ಆಗೇ ಉಳಿತೈತೇನ್ರಿ?

ಪುಡಿ (ತಗ್ಗಿದ ದನಿಯಲ್ಲಿ): ಪ್ರೋಟೀನು ತಾನೆ. ಬಹುಮಟ್ಟಿಗೆ ಅರಗಿ ಹೋಗುತ್ತದೆ.

ಕೊಲೆಸ್ಟ್ರಾಲ್ ಇಳಿಸೋ ಬೀಟಾ ಗ್ಲುಕಾನ್?

ಪುಡಿ: ಅದು ಕಾಳಿನ ಸೊತ್ತು. ಮನೆತನದ ಕೀರ್ತಿಯೆಂದು ಡಬ್ಬಿಯ ಮೇಲೆ ಬರೆಸಿಕೊಂಡಿದ್ದೇನೆ. ನಮ್ಮ ಕುಲಕ್ಕೆ ಇತಿಹಾಸವಿದೆ ಸ್ವಾಮೀ! 1930ರಲ್ಲಿ ಅಮೆರಿಕದ ಚಾರ್ಲ್ಸ್ ಶ್ನಾಬೆಲ್ ಎಳೆ ಧಾನ್ಯಹುಲ್ಲನ್ನು ಕೋಳಿಗಳಿಗೆ ತಿನ್ನಿಸಿದರು. ಮೊಟ್ಟೆ ಹೆಚ್ಚಿದವು.

ನಾ ಮೊಟ್ಟಿ ಇಡೋ ವಿಚಾರ ಮಾಡಿಲ್ರಿ. ಖರೇ ಹೇಳ್ರಿ, ಏನೂ ಇಲ್ಲೇನು ನಿಮ್ಮೊಳಗ?

ಪುಡಿ: ಇದೆ. ವಿಟಮಿನ್ ಕೆ, ಬೀಟಾ ಕ್ಯಾರೋಟಿನ್, ಪೊಟ್ಯಾಸಿಯಂ, ಸಪೋನಾರಿನ್ ಎಂಬ ಫ್ಲೇವನಾಯ್ಡ್.

ಒಂದು ಚಮಚಾ, 3 ಗ್ರಾಂ ಅಂದ್ರ ಹಸಿ ಹುಲ್ಲು ಎಷ್ಟು?

ಪುಡಿ: ಹೆಚ್ಚೆಂದರೆ 30 ಗ್ರಾಂ. ಒಂದು ಹಿಡಿ.

ಸವದತ್ತಿ ಕಡೆ ರೊಟ್ಟಿ ಬಗಲಾಗ ಹಸಿ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ಇಟ್ಕೊಂಡು ತಿಂತೀವಿ. ಅದೂ ಒಂದು ಹಿಡಿನೇ. ಪುಂಡಿ ಪಲ್ಯ ಬ್ಯಾರೆ. ಅವ್ಕ ಡಬ್ಬಿ ಇಲ್ಲ, ಅಷ್ಟೇ. ನವರಾತ್ರಿಗೆ ಘಟ ಇಟ್ಟು, ಮಣ್ಣಾಗ ಕಾಳು ಚೆಲ್ಲಿ ನಿಮ್ಮಂಥವ್ರನ್ನೂ ಬೆಳಸ್ತೀವಿ. ದಸರಾಕ್ಕ ರುಮಾಲದಾಗ ಸಿಗಿಸ್ಕೋತೀವಿ, ತಿನ್ನೂದಿಲ್ಲ.

ಪುಡಿ: ತಲೆಯ ಮೇಲೆಯೇ! ಕಿಲೋಗೆ ಏನು ದರ?

ದರ ಇರ್ಲಿ. ರಾಮದುರ್ಗದಾಗ ನಮ್ಮ ಕಾಕಾ ಅದಾರ, ಮಗ್ಗದವ್ರು. ಹೃದಯದ ವಾಲ್ವ್ ಬದಲಿಸ್ಯಾರ, ವಾರ್ಫರಿನ್ ಗುಳಿಗಿ ನಡದೈತಿ. ನಿಮ್ಮನ್ನ ಕೊಡಬಹುದೇನ್ರಿ?

ಪುಡಿ (ಮುಚ್ಚಳ ಬಿಗಿ ಮಾಡಿಕೊಂಡು): ವೈದ್ಯರನ್ನು ಕೇಳದೆ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟದಂತೆ ಆ ಗುಳಿಗೆ ತಡೆಯುತ್ತದೆ. ನನ್ನ ವಿಟಮಿನ್ ಕೆ ಅದಕ್ಕೆ ಅಡ್ಡ ಬರುತ್ತದೆ. ಮೂತ್ರಪಿಂಡ ಸೋತವರಿಗೆ ಪೊಟ್ಯಾಸಿಯಮ್ಮೂ ತೊಂದರೆಯೇ.

ಇದನ್ನ ಡಬ್ಬಿ ಮ್ಯಾಲೆ ಎಲ್ಲಿ ಬರದಾರ?

ಪುಡಿ: ಬಾರ್‌ಕೋಡಿನ ಕೆಳಗೆ. ಭೂತಗನ್ನಡಿ ತಂದಿದ್ದೀರಾ? ಅಂದ ಹಾಗೆ, ಎರಡು ಡಬ್ಬಿ ಕೊಂಡರೆ ಮೂರನೆಯದು ಉಚಿತ.

ಮೂರನೇದ್ದು ಎಮ್ಮಿಗೆ ಹಾಕ್ತೀನ್ರಿ. ಹುಲ್ಲು ಅರಗಿಸ್ಕೊಳ್ಳಾಕ ಅದಕ್ಕ ಬರ್ತೈತಿ, ಸಂಜೀಕ ಹಾಲರೆ ಕೊಡ್ತೈತಿ.