ಪಿ.ಬಿ.ಎಸ್ ಪಾರ್ಟಿ, ಅಣ್ಣಾವ್ರ ಪಾರ್ಟಿ

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನಿಂತು, ‘ಅಣ್ಣಾವ್ರಿಗೆ ಪಿ.ಬಿ. ಶ್ರೀನಿವಾಸ್ ದನಿಯೇ ಚೆನ್ನ, ಸ್ವಂತ ದನಿ ಅಷ್ಟಕ್ಕಷ್ಟೆ’ ಅಂತ ಗಟ್ಟಿಯಾಗಿ ಹೇಳಿ ನೋಡಿ. ನವರಂಗ್ ಸರ್ಕಲ್ ಮುಟ್ಟುವಷ್ಟರಲ್ಲಿ ನಾಲ್ಕು ಜನ ಬೆನ್ನಿಗೆ ಬಿದ್ದಿರುತ್ತಾರೆ. ಅವರಲ್ಲಿ ಇಬ್ಬರು ನಿಮ್ಮ ಪರವೇ. ಆದರೆ ಅವರಿಗೂ ನಿಮ್ಮ ಕಾರಣ ಒಪ್ಪಿಗೆಯಿಲ್ಲ.

1974ಕ್ಕೆ ಮುಂಚೆ ಈ ಜಗಳವೇ ಇರಲಿಲ್ಲ. ಬಿಡಿ ಹಾಡು ಒಂದೆರಡು ಬಿಟ್ಟರೆ ರಾಜ್‌ಕುಮಾರ್ ತುಟಿ ಆಡಿಸುತ್ತಿದ್ದರು, ಪಿ.ಬಿ.ಎಸ್ ಹಾಡುತ್ತಿದ್ದರು. ಆ ವರ್ಷ ‘ಸಂಪತ್ತಿಗೆ ಸವಾಲ್’ ಬಂತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಅಣ್ಣಾವ್ರು ಎಮ್ಮೆ ಮೇಲೆ ಕೂತು ತಾವೇ ಹಾಡಿದರು. ಅಲ್ಲಿಗೆ ಮನೆಮನೆಯಲ್ಲೂ ಎರಡು ಪಾರ್ಟಿ.

ಬಸವೇಶ್ವರನಗರದ ನಮ್ಮ ಮೇಷ್ಟ್ರು ಪಿ.ಬಿ.ಎಸ್ ಪಾರ್ಟಿ. ‘ಸಂಗೀತಕ್ಕೆ ಅಳತೆ ಇದೆ ಕಣಯ್ಯಾ. ಶ್ರುತಿ ಸೇರಿತೋ ಇಲ್ವೋ ಅನ್ನೋದು ನಿನ್ನ ನನ್ನ ಅಭಿಪ್ರಾಯ ಅಲ್ಲ’ ಅನ್ನುತ್ತಾರೆ. ಸರಿಯಾದ ಮಾತೇ. ಮೇಲಿನ ಷಡ್ಜದ ಕಂಪನ ಕೆಳಗಿನದರ ಎರಡರಷ್ಟು, ಪಂಚಮದ್ದು ಒಂದೂವರೆಯಷ್ಟು; ಇದಕ್ಕೆ ಯಾರ ಶಿಫಾರಸೂ ಬೇಡ. ಆದರೆ ಇಬ್ಬರೂ ಶ್ರುತಿ ಬಿಡದೆ ಹಾಡಿದವರು. ಅಳತೆಗೋಲಿನ ಕೆಲಸ ಅಲ್ಲಿಗೇ ಮುಗಿಯಿತು. ಆಮೇಲೆ ಮೇಷ್ಟ್ರು ‘ಆ ಮಾರ್ದವ ಎಲ್ಲಿ ಬರಬೇಕು’ ಅಂತ ಕಣ್ಣು ಮುಚ್ಚುತ್ತಾರಲ್ಲ, ಅದನ್ನು ಯಾವ ಮಾಪಕಕ್ಕೆ ಹಿಡಿಯೋಣ?

ಎದುರು ಮನೆ ಹುಡುಗ ಬಿಡುವವನಲ್ಲ. ‘ಸಾರ್, ಜೀವನ ಚೈತ್ರದ ತೋಡಿ ಹಾಡಿಗೆ 1992ರ ನ್ಯಾಷನಲ್ ಅವಾರ್ಡು ಬಂತಲ್ಲ?’

‘ಅದು ಕೊಟ್ಟವರ ಅಭಿರುಚಿ ಕಣೋ.’

ಇದೇ ಮೇಷ್ಟ್ರು, ‘ಕಾಡು ಕುದುರೆ’ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ಅದೇ ಪ್ರಶಸ್ತಿ ಬಂದದ್ದನ್ನು ‘ಯೋಗ್ಯತೆಗೆ ಸಂದದ್ದು’ ಅನ್ನುತ್ತಾರೆ! ನಮಗೆ ಹಿಡಿಸಿದ್ದು ಗುಣ, ಎದುರು ಮನೆಗೆ ಹಿಡಿಸಿದ್ದು ರುಚಿ. ವಾದದಲ್ಲಿ ಸೋಲುವ ಲಕ್ಷಣ ಕಂಡರೆ ಮಾತ್ರ ಲೋಕೋಭಿನ್ನರುಚಿಃ.

ರಾಮನವಮಿ ಕಛೇರಿಯಲ್ಲೂ ಅವರನ್ನು ಗಮನಿಸಿದ್ದೇನೆ. ಕಛೇರಿಯಲ್ಲಿ ಲೆಕ್ಕಕ್ಕೆ ಸಿಕ್ಕುವ ಭಾಗ ಅಂದರೆ ತನಿ ಆವರ್ತನ. ಮೃದಂಗದವರು ಮುಕ್ತಾಯಕ್ಕೆ ಒಂದಕ್ಷರ ಆಚೀಚೆ ಬಂದರೂ ಬೆರಳೆಣಿಸುವವರಿಗೆ ಸಿಕ್ಕಿಬೀಳುತ್ತಾರೆ. ಅಂಥ ಹೊತ್ತಿಗೆ ಸರಿಯಾಗಿ ನಮ್ಮ ಅಳತೆಯ ಮೇಷ್ಟ್ರು ಪಂಚೆ ಕೊಡವಿಕೊಂಡು ಪಾನಕದ ಕಡೆ ಹೊರಡುತ್ತಾರೆ. ಒಬ್ಬರೇ ಅಲ್ಲ, ಅರ್ಧ ಪೆಂಡಾಲು ಜೊತೆಗಿರುತ್ತದೆ.

ಹಾಡು ಗೆಲ್ಲುವುದು ಗುಣದಿಂದಲೋ ಪಕ್ಕದವರ ರುಚಿಯಿಂದಲೋ ಅನ್ನುವುದನ್ನೇ ಅಮೆರಿಕದ ಮೂವರು ಸಂಶೋಧಕರು ಪರೀಕ್ಷೆಗಿಟ್ಟು, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. 48 ಅಪರಿಚಿತ ಹಾಡು, ಕೇಳಲು 14 ಸಾವಿರಕ್ಕೂ ಹೆಚ್ಚು ಜನ. ಕೇಳುಗರನ್ನು ಬೇರೆಬೇರೆ ಗುಂಪು ಮಾಡಿ, ಆಯಾ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡರು ಅಂತ ತೋರಿಸಿದರು. ಒಂದು ಗುಂಪಿನಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಹಿಂದೆ ಬಿತ್ತು. ಆದರೂ ತೀರಾ ಒಳ್ಳೆಯದು ಸೋತದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವಿನದೆಲ್ಲ ಪಕ್ಕದವನು ತಲೆದೂಗಿದ್ದಕ್ಕೆ ನಾವೂ ದೂಗಿದ್ದು.

ವಿಜಯನಗರದ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಇಬ್ಬರ ಹಾಡನ್ನೂ ಒಬ್ಬನೇ ಹಾಡುತ್ತಾನೆ, ಎರಡೂ ಪಾರ್ಟಿಯವರು ಶಿಳ್ಳೆ ಹೊಡೆಯುತ್ತಾರೆ. ಸಂಘಟಕರಲ್ಲಿ ಒಂದೇ ಅರಿಕೆ: ವಸತಿ ಪ್ರದೇಶಕ್ಕೆ ಕಾನೂನು ಇಟ್ಟಿರುವ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಯಾರ ಹಾಡನ್ನಾದರೂ ಹಾಡಿಸಿ ಸ್ವಾಮಿ, ಹತ್ತು ಗಂಟೆಗೆ ಮೈಕು ಆರಿಸಿ.