ದವಾಖಾನಿ ಕಾಕಾ

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಸೀಮೆಯ ಕನ್ನಡ ಮನೆಗಳಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕೆಂದು ವೈದ್ಯರು ಹೇಳಿದರೆ, ರೋಗಿಯ ಒಡಹುಟ್ಟಿದವರಿಗಿಂತ ಮೊದಲೇ ಸುದ್ದಿ ತಲುಪುವ ವ್ಯಕ್ತಿಯೊಬ್ಬರು ಊರಿಗೊಬ್ಬರಂತೆ ಇದ್ದೇ ಇರುತ್ತಾರೆ. ವೈದ್ಯರಲ್ಲದ, ಕಾಂಪೌಂಡರೂ ಅಲ್ಲದ, ಯಾರಿಂದಲೂ ಕಮಿಷನ್ ಪಡೆಯದ ಕಾರಣ ದಲ್ಲಾಳಿಯೂ ಅಲ್ಲದ ಈ ವ್ಯಕ್ತಿಯನ್ನು ‘ದವಾಖಾನಿ ಕಾಕಾ’ ಎಂದು ಕರೆದರೆ ತಪ್ಪಾಗದು. ದವಾಖಾನೆ ಎಂಬ ಉರ್ದು ಮಾತು ಇಲ್ಲಿನವರ ಬಾಯಲ್ಲಿ ದವಾಖಾನಿಯಾಗಿದೆ; ಕಾಕಾ ಎಂದರೆ ತಂದೆಯ ತಮ್ಮ. ಆದರೆ ಈ ಕಾಕಾ ಯಾರ ತಂದೆಗೂ ತಮ್ಮನಾಗಿರಬೇಕಾದ ಅಗತ್ಯವಿಲ್ಲ, ಏಕೆಂದರೆ ಅವರ ಸಂಬಂಧ ಕುಟುಂಬದೊಂದಿಗೆ ಬೆಳೆದದ್ದಲ್ಲ, ಕುಟುಂಬದ ಕಾಯಿಲೆಯೊಂದಿಗೆ ಬೆಳೆದದ್ದು.

ಈ ಪ್ರಭೇದದ ಹುಟ್ಟಿಗೆ ರೋಗಕ್ಕಿಂತ ಹೆಚ್ಚಾಗಿ ಭೂಪಟವೇ ಕಾರಣ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಹಂಚಿಹೋದಾಗ, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವಲಯವೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. ಬೀಗರು ಬೀದರ, ಹುಮನಾಬಾದ, ಸೇಡಂ, ಚಿಂಚೋಳಿಗಳಲ್ಲಿ ಉಳಿದರು. ಕಾಗದಪತ್ರಗಳು ಹೈದರಾಬಾದಿನತ್ತ ಮುಖಮಾಡಿದವು. ಜಹೀರಾಬಾದಿನಿಂದ ಬೀದರಕ್ಕೆ ಸುಮಾರು 30 ಕಿಲೋಮೀಟರ್, ಹೈದರಾಬಾದಿಗೆ ಸುಮಾರು 100. ಆದರೂ ಬಡ ಕುಟುಂಬದ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಆಸ್ಪತ್ರೆಗೆ ಕಟ್ಟುವ ಆರೋಗ್ಯಶ್ರೀ ಯೋಜನೆ 2007ರಲ್ಲಿ ಆರಂಭವಾಗಿ, ತೆಲಂಗಾಣದಲ್ಲಿ ಅದರ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿದ ಮೇಲೆ, ಹತ್ತಿರ ದೂರಗಳ ಲೆಕ್ಕವೇ ಬದಲಾಯಿತು. ರೊಟ್ಟಿ ಕಟ್ಟಿಕೊಡುವ ತಂಗಿ ಬೀದರದಲ್ಲಿ, ಬಿಲ್ಲು ಕಟ್ಟುವ ಸರ್ಕಾರ ಹೈದರಾಬಾದಿನಲ್ಲಿ. ಈ ಎರಡರ ನಡುವೆ ಸಿಕ್ಕಿಬಿದ್ದ ರೋಗಿಯ ಪಿತ್ತಕೋಶದ ಕಲ್ಲು ಯಾವ ರಾಜ್ಯದಲ್ಲಿ ಹೊರಬರಬೇಕೆಂಬುದನ್ನು ತೀರ್ಮಾನಿಸುವವರು ಕಾಕಾ.

ಅವರ ಶಾಸ್ತ್ರದಲ್ಲಿ ರೋಗದ ಗೌರವ ಪ್ರಯಾಣದ ದೂರವನ್ನು ಅನುಸರಿಸುತ್ತದೆ. ಬೀದರದಲ್ಲೋ ಸಂಗಾರೆಡ್ಡಿಯಲ್ಲೋ ವಾಸಿಯಾಗುವುದು ಕಾಯಿಲೆಯಲ್ಲ, ಬರೀ ತ್ರಾಸು. ಹೈದರಾಬಾದಿಗೆ ಹೋದದ್ದು ಆಪರೇಷನ್. ಮೂಳೆ ಆಸ್ಪತ್ರೆಯಾಗಿ ಆರಂಭವಾದ ಪಂಜಗುಟ್ಟದ ನಿಮ್ಸ್‌ಗೆ ಹೋಗಿದ್ದರೆ ದೊಡ್ಡ ಆಪರೇಷನ್. 1894ರಲ್ಲಿ ವಿಲಿಯಂ ವಾನ್‌ಲೆಸ್ ಸ್ಥಾಪಿಸಿದ ಮಿರಜದ ಮಿಷನ್ ಆಸ್ಪತ್ರೆಯ ಹೆಸರು ಬಂದರೆ, ಅದು ಅಜ್ಜಂದಿರ ಕಾಲದ ಕಾಯಿಲೆ ಎಂದು ಕಾಕಾ ಒಂದು ಕ್ಷಣ ಸುಮ್ಮನಾಗುತ್ತಾರೆ. 1900ರಲ್ಲಿ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಆರಂಭಿಸಿದ ವೆಲ್ಲೂರಿನ ಆಸ್ಪತ್ರೆಯ ಹೆಸರನ್ನು ಅವರು ಧ್ವನಿ ತಗ್ಗಿಸಿಯೇ ಹೇಳುತ್ತಾರೆ, ಏಕೆಂದರೆ ಅದನ್ನು ಕೇಳಿದ ಮನೆಯ ಹೆಂಗಸರು ಅಳಲು ಶುರುಮಾಡಿದರೆ ರೋಗಿಗೆ ತನ್ನ ಕಾಯಿಲೆ ಏನೆಂದು ಗೊತ್ತಾಗಿಬಿಡುವ ಅಪಾಯವುಂಟು.

ದಿನ ಗೊತ್ತುಮಾಡುವುದು ಮುಂದಿನ ಕೆಲಸ. ವೈದ್ಯರು ಮಂಗಳವಾರ ಎಂದಿರುತ್ತಾರೆ. ಮನೆಯ ಹಿರಿಯರಿಗೆ ಮಂಗಳವಾರ ಬೇಡ, ಅಮವಾಸ್ಯೆಯಂತೂ ಬೇಡವೇ ಬೇಡ. ಇಂಥ ಬಿಕ್ಕಟ್ಟಿಗೆ ಕಾಕಾ ಬಳಿ ‘ಪ್ರಸ್ಥಾನ’ ಎಂಬ ಹಳೆಯ ಉಪಾಯವಿದೆ. ಒಳ್ಳೆಯ ದಿನ ನೋಡಿ ಪ್ರಯಾಣದ ಚೀಲವನ್ನು ಪಕ್ಕದ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಆರಂಭವಾದಂತೆ ಎಂಬುದು ಅದರ ತತ್ವ. ಹೀಗೆ ರೋಗಿಯ ಚೀಲ ಶುಕ್ರವಾರವೇ ಆಸ್ಪತ್ರೆಗೆ ಹೊರಟು ಪಕ್ಕದ ಮನೆಯ ಕಟ್ಟೆಯ ಮೇಲೆ ಮೂರು ದಿನ ವಿಶ್ರಮಿಸುತ್ತದೆ. ಸೋಮವಾರ ನಸುಕಿನಲ್ಲಿ ಬಸ್ಸು ಹತ್ತಿ ಕೂತ ಮೇಲೆ, ಎಕ್ಸ್‌ರೇ, ಸ್ಕ್ಯಾನಿಂಗ್ ಸಮೇತ ಎಲ್ಲ ರಿಪೋರ್ಟುಗಳೂ ಆ ಚೀಲದಲ್ಲಿವೆ, ಚೀಲ ಮಾತ್ರ ಪಕ್ಕದ ಮನೆಯಲ್ಲೇ ಇದೆ ಎಂಬುದು ಒಮ್ಮೊಮ್ಮೆ ನೆನಪಾಗುವುದುಂಟು.

ಪ್ರಯಾಣದ ವಿಷಯದಲ್ಲಿ ಮೂರು ಊರುಗಳ ಕಾಕಾಗಳಲ್ಲಿ ಮತಭೇದವಿದೆ. ತಾಂಡೂರಿನ ಕಾಕಾ ರೈಲಿನವರು. ವಾಡಿ–ಸಿಕಂದರಾಬಾದ್ ಮಾರ್ಗ 1874ರಿಂದ ಓಡುತ್ತಿರುವುದರಿಂದ ಅವರಿಗೆ ವೇಳಾಪಟ್ಟಿ ವಂಶಪಾರಂಪರ್ಯವಾಗಿ ಬಂದಿದೆ. ಗಚ್ಚಿಬೌಲಿ ಕಡೆಯ ಆಸ್ಪತ್ರೆಯಾದರೆ ಲಿಂಗಂಪಲ್ಲಿಯಲ್ಲಿ ಇಳಿಯಬೇಕು, ಪಂಜಗುಟ್ಟ ಕಡೆಯದಾದರೆ ಬೇಗಂಪೇಟೆಯಲ್ಲಿ ಎಂಬುದು ಅವರ ಮೂಲಸೂತ್ರ. ನಾರಾಯಣಖೇಡಕ್ಕೆ ರೈಲೇ ಇಲ್ಲವಾದ್ದರಿಂದ ಅಲ್ಲಿನ ಕಾಕಾ ಬಾಡಿಗೆ ಜೀಪಿನ ಪಕ್ಷಪಾತಿ, ಮತ್ತು ಜೀಪಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬ ವಿಷಯದಲ್ಲಿ ಮಹಾ ಆಶಾವಾದಿ. ಜಹೀರಾಬಾದಿನ ಕಾಕಾ ಹೆದ್ದಾರಿಯವರು. 65ನೇ ರಾಷ್ಟ್ರೀಯ ಹೆದ್ದಾರಿಯ ಬಸ್ಸು ಸಂಗಾರೆಡ್ಡಿ ಅಡ್ಡರಸ್ತೆ, ಪಟಾನ್‌ಚೆರು ದಾಟಿ ನಗರ ಸೇರುತ್ತಿದ್ದಂತೆ ಅವರು ಸೀಟಿನಿಂದ ಅರ್ಧ ಎದ್ದು ನಿಂತು, “ಇಲ್ಲಿ ಇಳೀಬ್ಯಾಡ್ರಿ, ಮುಂದ್ ಅದ” ಎಂದು ಇಡೀ ಬಸ್ಸಿಗೆ ಅಪ್ಪಣೆ ಕೊಡುತ್ತಾರೆ. ಮಿಯಾಪುರದಲ್ಲಿ ಇಳಿದು ಮೆಟ್ರೋ ಹತ್ತಿದರೆ ಅದೇ ಗಾಡಿ ಪಂಜಗುಟ್ಟಕ್ಕೂ, ನಾಂಪಲ್ಲಿಗೂ, ಉಸ್ಮಾನಿಯಾ ಮೆಡಿಕಲ್ ಕಾಲೇಜಿಗೂ ಮುಟ್ಟಿಸುತ್ತದೆ ಎಂಬ ಜ್ಞಾನವನ್ನು ಅವರು ತಾವೇ ಹಳಿ ಹಾಕಿಸಿದವರಂತೆ ವಿವರಿಸುತ್ತಾರೆ.

ರೋಗಿಯ ಜೊತೆ ಯಾರು ಹೋಗಬೇಕೆಂಬುದನ್ನು ಈಚೆಗೆ ಟಿಕೆಟ್ಟೇ ನಿರ್ಧರಿಸುತ್ತಿದೆ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಹೆಂಗಸರಿಗೆ ರಾಜ್ಯದೊಳಗಿನ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಕರ್ನಾಟಕದ ಹೆಂಗಸರಿಗೆ ತಮ್ಮ ರಾಜ್ಯದಲ್ಲಿ ಅದೇ ವರ್ಷದ ಜೂನ್ 11ರಿಂದಲೇ ಉಚಿತ. ಎರಡೂ ಸೌಲಭ್ಯ ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಹೀಗಾಗಿ ಒಂದೇ ತಾಯಿಯ ಮಕ್ಕಳಾದ ಇಬ್ಬರು ಅಕ್ಕತಂಗಿಯರು ಜಹೀರಾಬಾದಿನಲ್ಲಿ ಒಂದೇ ಸೀಟಿನಲ್ಲಿ ಕುಳಿತರೆ, ಅಲ್ಲಿಯೇ ಮದುವೆಯಾದ ಅಕ್ಕನಿಗೆ ಕಂಡಕ್ಟರು ಸೊನ್ನೆ ಟಿಕೆಟ್ ಕೊಟ್ಟು, ಬೀದರಕ್ಕೆ ಕೊಟ್ಟ ತಂಗಿಯಿಂದ ದುಡ್ಡು ಎಣಿಸಿಕೊಳ್ಳುತ್ತಾನೆ. “ನಮ್ಮಪ್ಪ ನನಗೇ ಅನ್ಯಾಯ ಮಾಡ್ಯಾನ” ಎಂದು ತಂಗಿ ಕಿಟಕಿ ಕಡೆ ತಿರುಗಿದರೆ, ಪಟಾನ್‌ಚೆರು ಬರುವವರೆಗೂ ಇತ್ತ ನೋಡುವುದಿಲ್ಲ. ಅಪ್ಪ ಎಂದರೆ ಮುಂದಿನ ಸೀಟಿನಲ್ಲಿ ಹರ್ನಿಯಾ ಹಿಡಿದುಕೊಂಡು ಕುಳಿತಿರುವ ರೋಗಿ.

ಇನ್ನು ವಸತಿ. ಕಾಕಾ ವಿದ್ವತ್ತಿನ ಶಿಖರವೂ ಸೋಲಿನ ಸ್ಥಳವೂ ಇದೇ. ಆಸ್ಪತ್ರೆಯಲ್ಲಿ ಎಷ್ಟು ರಾತ್ರಿ ಎಂಬುದನ್ನು ಮೊದಲೇ ಹೇಳುವುದು ಬ್ರಹ್ಮನಿಗೂ ಕಷ್ಟ. ಆರೋಗ್ಯಶ್ರೀಯಲ್ಲಿ ‘ಪ್ರೀಆಥ್’ ಎಂಬುದೊಂದಿದೆ, ಅಂದರೆ ಈ ರೋಗಿಗೆ ಈ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಯೋಜನೆಯ ಕಚೇರಿ ಮುಂಚಿತವಾಗಿ ಕೊಡುವ ಮಂಜೂರಾತಿ. ಅದು ಬಂತೇ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತ ‘ಆರೋಗ್ಯಮಿತ್ರ’ನೆಂಬ ಸಹಾಯಕನನ್ನು ದಿನಕ್ಕೆ ನಾಲ್ಕು ಬಾರಿ ಕೇಳಬೇಕು. ಅದು ಬಂದ ದಿನ ರೋಗಿಯ ಷುಗರ್ ಏರಿರುತ್ತದೆ, ಷುಗರ್ ಇಳಿದ ದಿನ ಬಿ.ಪಿ. ಏರಿರುತ್ತದೆ, ಎರಡೂ ಸರಿಯಾದ ದಿನ ಭಾನುವಾರವಾಗಿರುತ್ತದೆ. ಮೂರು ರಾತ್ರಿಗೆಂದು ಹಿಡಿದ ಲಾಡ್ಜು ಎಂಟು ರಾತ್ರಿಗೆ ಎಳೆಯುವುದು ಹೀಗೆ.

ಲಾಡ್ಜಿನ ಬಾಡಿಗೆ ಉಳಿಸಲು ಕಾಕಾ ಹೂಡುವ ಮೊದಲ ಬಾಣ ಕುಕಟಪಲ್ಲಿಯಲ್ಲೋ ಮಿಯಾಪುರದಲ್ಲೋ ಇರುವ, ರೋಗಿಯ ಷಡ್ಡಕನ ಮಗನ ಎರಡು ಕೋಣೆಯ ಮನೆ. ಮೊದಲ ದಿನ ಆ ಮನೆಯ ಸೊಸೆ ಬಾಗಿಲಲ್ಲೇ ನೀರಿನ ತಂಬಿಗೆ ಹಿಡಿದು, “ಡಿಸ್ಚಾರ್ಜ್ ಯಾವಾಗ್ರೀ?” ಎಂದು ಕಾಳಜಿಯಿಂದ ಕೇಳುತ್ತಾಳೆ. ಐದನೆಯ ದಿನವೂ ಅದೇ ಬಾಗಿಲು, ಅದೇ ತಂಬಿಗೆ, ಅದೇ ಮಾತು. ಒಂದಕ್ಷರವೂ ಬದಲಾಗದ ಆ ಪ್ರಶ್ನೆಯಲ್ಲಿ ಏನು ಬದಲಾಗಿದೆ ಎಂಬುದನ್ನು ರೋಗಿಯ ಕಡೆಯವರಲ್ಲಿ ಕಾಕಾ ಒಬ್ಬರೇ ಗುರುತಿಸಬಲ್ಲರು. ಅವರು ಅಂದೇ ಸಂಜೆ ತಮ್ಮ ಟವೆಲನ್ನು ಆಸ್ಪತ್ರೆಯ ವರಾಂಡಕ್ಕೆ ವರ್ಗಾಯಿಸುತ್ತಾರೆ. ವರಾಂಡದಲ್ಲಿ ಕಂಬದ ಪಕ್ಕದ ಜಾಗ ಉತ್ತಮ, ಶೌಚಾಲಯದ ಎದುರಿನದು ಅಧಮ, ಫ್ಯಾನಿನ ಕೆಳಗಿನದು ರಾತ್ರಿ ಹತ್ತಕ್ಕೆ ಉತ್ತಮವಾಗಿದ್ದು ಬೆಳಗಿನ ಜಾವ ಸೊಳ್ಳೆ ಬಿಟ್ಟು ಚಳಿ ಹಿಡಿದಾಗ ಅಧಮ ಎಂಬ ವರ್ಗೀಕರಣವೂ ಅವರದೇ. ಊಟಕ್ಕೆ ಚಿಂತೆಯಿಲ್ಲ: 2014ರಲ್ಲಿ ಹೈದರಾಬಾದ್ ಮಹಾನಗರ ಪಾಲಿಕೆ ಆರಂಭಿಸಿದ 5 ರೂಪಾಯಿ ಊಟದ ಗಾಡಿ ಎಲ್ಲಿ ನಿಲ್ಲುತ್ತದೆ, ಅನ್ನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಅವರ ಬಾಯಲ್ಲೇ ಇದೆ.

ಅಷ್ಟಾದರೂ ಮನೆಯಿಂದ ಕಡಕ್ ರೊಟ್ಟಿ ಹೊರದೆ ಯಾವ ತಂಡವೂ ಹೊರಡುವುದಿಲ್ಲ. ವಾರಗಟ್ಟಲೆ ಕೆಡದ, ಹಪ್ಪಳದಂತೆ ಒಣಗಿದ ಈ ಜೋಳದ ರೊಟ್ಟಿಗೆ ಕಾಕಾ ಲೆಕ್ಕ ಹಾಕುವ ಕ್ರಮ ಹೀಗಿದೆ: ಎಂಟು ಜನ, ನಾಲ್ಕು ದಿನ, ದಿನಕ್ಕೆರಡು ಊಟ, ಊಟಕ್ಕೆರಡು ರೊಟ್ಟಿ, ಒಟ್ಟು 128. ಜೊತೆಗೆ ಶೇಂಗಾ ಹಿಂಡಿ, ಪುಂಡಿಪಲ್ಯ. ಈ ಲೆಕ್ಕದಲ್ಲಿ ರೋಗಿಯಿಲ್ಲ. ಅರಿವಳಿಕೆ ಕೊಡುವ ಮುನ್ನ ಸಾಮಾನ್ಯವಾಗಿ ಆರು ಗಂಟೆ ಕಾಲ ಗಟ್ಟಿ ಆಹಾರ ಕೊಡಬಾರದೆಂಬುದು ವೈದ್ಯಶಾಸ್ತ್ರದ ನಿಯಮ. ಮತ್ತು ಬರಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇರುವುದೇ ಇದಕ್ಕೆ ಕಾರಣ. ಆ ಆರು ಗಂಟೆಯೂ ರೋಗಿ ಮಂಚದ ಮೇಲೆ ಕಣ್ಣು ಮುಚ್ಚಿ, ಮಂಚದ ಕೆಳಗೆ ರೊಟ್ಟಿ ಮುರಿಯುವ ಸದ್ದನ್ನು ಒಂದೊಂದಾಗಿ ಎಣಿಸುತ್ತಾ ಮಲಗಿರುತ್ತಾನೆ.

ಆಸ್ಪತ್ರೆಯೊಳಗೆ ಒಬ್ಬರಿಗೆ ಮಾತ್ರ ಪ್ರವೇಶ ಕೊಡುವ ಅಟೆಂಡರ್ ಪಾಸು, ಪ್ಲಾಸ್ಟಿಕ್ ಕವರಿನಲ್ಲಿ ದಾರ ಕಟ್ಟಿದ ಒಂದು ಚೀಟಿ, ಕಾಕಾ ಕೈಗೆ ಬಂದ ಕ್ಷಣದಿಂದ ರಾಜಮುದ್ರೆಯಾಗುತ್ತದೆ. ಬಂದ ಎಂಟೂ ಜನರನ್ನು ಇಪ್ಪತ್ತಿಪ್ಪತ್ತು ನಿಮಿಷದ ಪಾಳಿಯಲ್ಲಿ ಒಳಗೆ ಕಳಿಸಿ, ಹೊರಬಂದವರ ಕೊರಳಿನಿಂದ ಪಾಸು ಬಿಚ್ಚಿ ಒಳಹೋಗುವವರ ಕೊರಳಿಗೆ ಹಾಕುವಾಗ ಅವರ ಮುಖದಲ್ಲಿ ಮದುವೆ ಮಾಡಿಸುವ ಅಯ್ಯನವರ ಗಾಂಭೀರ್ಯವಿರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವುದೂ ಅವರ ಹೊಣೆಯೇ. ರೋಗಿ ಕನ್ನಡದಲ್ಲಿ ಸಹಿ ಹಾಕಿದರೆ ತೆಲುಗು ಗುಮಾಸ್ತ ಅದನ್ನು ಬಹುಪಾಲು ಸರಿಯಾಗಿಯೇ ಓದುತ್ತಾನೆ, ಏಕೆಂದರೆ ಎರಡೂ ಲಿಪಿಗಳು ಒಂದೇ ಬುಡದಿಂದ ಬಂದವು; ತಲಕಟ್ಟಿನಲ್ಲಿ ಮಾತ್ರ ಆತನಿಗೆ ಅನುಮಾನ ಬರುತ್ತದೆ, ಆ ಅನುಮಾನ ತೀರಿಸಲು ಕಾಕಾ ತೆಗೆದುಕೊಳ್ಳುವ ಸಮಯದಲ್ಲಿ ಹಿಂದಿನ ಸಾಲು ಗೇಟಿನವರೆಗೆ ಬೆಳೆಯುತ್ತದೆ.

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಹೊರಗೆ ಕೂತವರಿಗೆ ಧೈರ್ಯ ಬೇಕು. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯಾದರೆ ಕಾಕಾ ಎಲ್ಲರನ್ನೂ ಆವರಣದ ಹುಣಸೆ ಮರದ ಕಡೆ ಕರೆದೊಯ್ದು, 1908ರ ಮೂಸಿ ಪ್ರವಾಹದಲ್ಲಿ ಸುಮಾರು 150 ಜನ ಇದೇ ಮರವನ್ನು ಹಿಡಿದು ಜೀವ ಉಳಿಸಿಕೊಂಡರು ಎಂದು ತೋರಿಸುತ್ತಾರೆ. ಮತ್ತು ಬರಿಸುವುದಕ್ಕೆ ಹೆದರುವ ಹೆಂಗಸರಿಗೆ ಇನ್ನೊಂದು ಕಥೆಯಿದೆ: ಕ್ಲೋರೋಫಾರಂ ಸುರಕ್ಷಿತವೇ ಎಂಬುದನ್ನು ಪರೀಕ್ಷಿಸಲು ಇದೇ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ, ನಿಜಾಮರ ಹಣದಿಂದ, ಎರಡು ಆಯೋಗಗಳು ಕೂತಿದ್ದವು. ಮಾಹಿತಿ ನಿಜ, ಆದರೆ ಪ್ರಯೋಗ ನಡೆದದ್ದು ಬಹುಪಾಲು ನಾಯಿಗಳ ಮೇಲೆ ಎಂಬ ಭಾಗವನ್ನೂ ಕಾಕಾ ಬಿಡದೆ ಹೇಳುವುದರಿಂದ ಧೈರ್ಯ ಬಂದಷ್ಟೇ ವೇಗವಾಗಿ ಹೋಗುತ್ತದೆ.

ಇದೆಲ್ಲಕ್ಕೂ ದಾಖಲೆಯುಂಟು. ಬೀಜ-ಗೊಬ್ಬರದ ಅಂಗಡಿಯವರು ಯುಗಾದಿಗೆ ಹಂಚಿದ ಡೈರಿಯಲ್ಲಿ ಕಾಕಾ ಪ್ರತಿ ಪುಟದಲ್ಲೂ ನಾಲ್ಕು ಅಂಕಣ ಗೆರೆ ಹಾಕಿದ್ದಾರೆ: ಪೇಶೆಂಟ್, ಜೋಡಿ ಹೋದವರು, ದವಾಖಾನಿ, ಇಳಿದ ಜಾಗ. ಎರಡನೆಯ ಅಂಕಣದಲ್ಲಿ ಹೆಸರುಗಳು ಬದಲಾಗುತ್ತವೆ, ಕೊನೆಯ ಹೆಸರು ಮಾತ್ರ ಪ್ರತಿ ಪುಟದಲ್ಲೂ ಅವರದೇ.

ಹೀಗಿರುವ ಕಾಕಾ ಬಲಗಣ್ಣಿಗೆ ಪೊರೆ ಬಂದು ವರ್ಷಗಳಾಗಿರುತ್ತವೆ. ಈಗಿನ ಶಸ್ತ್ರಚಿಕಿತ್ಸೆಗೆ ಪೊರೆ ಪೂರ್ತಿ ಬಲಿಯಬೇಕಾಗಿಲ್ಲ ಎಂದು ಊರಿಗೆಲ್ಲ ಹೇಳಿದವರು ತಮ್ಮ ವಿಷಯಕ್ಕೆ ಬಂದಾಗ “ಇನ್ನಾ ಬಲಿತಿಲ್ಲ” ಎನ್ನುತ್ತಾರೆ. ಕೊನೆಗೆ ಡೈರಿಯ ಗೆರೆಗಳೇ ಕಾಣದಾದಾಗ, ಜೊತೆಗೆ ಬರುವವರೆಂದರೆ ಏನೆಂಬುದನ್ನು ಅವರಷ್ಟು ಬಲ್ಲವರು ಬೇರೆ ಇಲ್ಲವಾದ್ದರಿಂದ, ಯಾರಿಗೂ ಹೇಳದೆ ನಸುಕಿನ ಬಸ್ಸಿಗೆ ಒಬ್ಬರೇ ಹೊರಡುತ್ತಾರೆ. ಕಣ್ಣಿನ ಆಸ್ಪತ್ರೆಯಲ್ಲಿ, ಜೊತೆಗಾರರ ಸಹಿಯಿಲ್ಲದೆ ಆಗದು ಎನ್ನುತ್ತಾರೆ. ಅದೇ ಬೆಂಚಿನಲ್ಲಿ ಚಿಂಚೋಳಿ ಕಡೆಯ ಮುದುಕಿಯೊಬ್ಬಳು ಮೊಮ್ಮಗನೊಂದಿಗೆ, ಎಲ್ಲಿ ಇಳಿದುಕೊಳ್ಳುವುದೆಂದು ತಿಳಿಯದೆ ಕುಳಿತಿರುತ್ತಾಳೆ. ಆ ಮೊಮ್ಮಗ ಕಾಕಾ ಫಾರಂಗೆ ಸಹಿ ಹಾಕುತ್ತಾನೆ; ಕಾಕಾ, ಒಂದು ಕಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಸಿಕೊಂಡೇ, ಮುದುಕಿಗೆ ಕಾಚಿಗುಡದ ಕಡೆ ರೂಮು ಹಿಡಿದು, ಮರುದಿನದ ಬಸ್ಸು ಎಲ್ಲಿ ಹತ್ತಬೇಕೆಂದು ಹೇಳಿ, ಸಂಜೆ ಊರಿಗೆ ಹಿಂದಿರುಗುತ್ತಾರೆ.

ಆ ದಿನಾಂಕದ ಪುಟದಲ್ಲಿ ಪೇಶೆಂಟ್ ಅಂಕಣದಲ್ಲಿರುವುದು ಚಿಂಚೋಳಿಯ ಮುದುಕಿಯ ಹೆಸರು. ಕಾಕಾ ಹೆಸರು ಎಂದಿನಂತೆ ಎರಡನೆಯ ಅಂಕಣದಲ್ಲಿದೆ.